ನಮ್ಮ ನಾಡಿನ ಮರದ ಕುದುರೆ

ನಾನು ಕಣ್ಣಾರೆ ಕಂಡ ಮೊದಲ ಕುದುರೆ ಮರದ್ದು. ಜೀವಂತ ಕುದುರೆಯನ್ನು ನೋಡಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, ಬ್ಯಾಂಕಿನ ಪರೀಕ್ಷೆ ಬರೆಯಲೆಂದು ಪೇಟೆಗೆ ಹೋದಾಗ. ಎಡನೀರಿನ ಸುತ್ತಮುತ್ತ ಬೆಳೆದ ನನ್ನ ಪ್ರಾಯದವರಲ್ಲಿ ಹೆಚ್ಚಿನವರ ಅನುಭವವೂ ಹೀಗೆಯೇ ಇರಬಹುದು. ನಮ್ಮಲ್ಲಿ ದನ ಇತ್ತು, ಎಮ್ಮೆ ಇತ್ತು, ಗದ್ದೆಗೆ ಕೋಣ ಇತ್ತು. ಕುದುರೆ ಮಾತ್ರ ಯಾರ ಹಟ್ಟಿಯಲ್ಲಿಯೂ ಇರಲಿಲ್ಲ. ಆದರೆ ಕುದುರೆಯ ಮಾತು ಎಲ್ಲೆಲ್ಲಿಯೂ ಇತ್ತು. ಮಧುವಾಹಿನಿಯ ದಡದಲ್ಲಿರುವ ಎಡನೀರು ಮಠದಲ್ಲಿ ಯಕ್ಷಗಾನ ಆಗುವಾಗ ಅಶ್ವಮೇಧದ ಪ್ರಸಂಗ ಬಂದರೆ, ನಾವು ಮಕ್ಕಳು ಕುದುರೆಯನ್ನು ನೋಡಲೆಂದೇ ನಿದ್ರೆ ಬಿಟ್ಟು ಕುಳಿತುಕೊಳ್ಳುತ್ತಿದ್ದೆವು. ರಂಗಸ್ಥಳಕ್ಕೆ ಕುದುರೆ ಬರುತ್ತಿರಲಿಲ್ಲ. ಚೆಂಡೆಯ ಪೆಟ್ಟಿಗೆ ಸರಿಯಾಗಿ ವೇಷಧಾರಿಯ ಹೆಜ್ಜೆಯಲ್ಲಿಯೇ ಕುದುರೆ ಓಡಿ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಗದ್ದೆಯ ಹುಣಿಯಲ್ಲಿ ನಾವೂ ಹಾಗೆಯೇ ಓಡುತ್ತಿದ್ದೆವು.

ಹಾಗೆ ಓಡಿ ನಿಲ್ಲುತ್ತಿದ್ದದ್ದು ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಸಿಗುವ ಒಂದು ದೈವಸ್ಥಾನದ ಚಾವಡಿಯ ಎದುರು. ಅದರ ಮರದ ಅಳಿಗಳ ಒಳಗೆ ಕತ್ತಲೆಯಲ್ಲಿ ಒಂದು ಕುದುರೆ ನಿಂತಿತ್ತು. ನಮ್ಮ ಎದೆಯ ಎತ್ತರಕ್ಕೆ ಬರುವ ಬೆನ್ನು, ಮೇಲಕ್ಕೆತ್ತಿದ ಕುತ್ತಿಗೆ, ಮಾಸಿದ ಕೆಂಪು ಬಣ್ಣ, ಅಗಲವಾದ ಬಿಳಿಯ ಕಣ್ಣು. ಅದರ ಮುಖ ಸ್ವಲ್ಪ ದನದ ಮುಖದಂತೆ ಇತ್ತು ಎಂಬುದು ನನಗೆ ನಿಜವಾದ ಕುದುರೆಯನ್ನು ಕಂಡ ಮೇಲೆ ತಿಳಿಯಿತು. ಅದನ್ನು ಕೆತ್ತಿದ ಆಚಾರಿಯೂ ಬಹುಶಃ ನನ್ನ ಹಾಗೆಯೇ, ಕುದುರೆಯನ್ನು ಕಾಣದವನು. ಆ ಕುದುರೆಯ ವಿಷಯವಾಗಿಯೇ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದನ್ನೂ ಕಂಡದ್ದನ್ನೂ ಲೆಕ್ಕಪುಸ್ತಕದ ಹಾಗೆ ಒಂದರ ಕೆಳಗೊಂದು ಬರೆದು ಇಟ್ಟುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲ ಪ್ರಶ್ನೆ, ಕುದುರೆ ಇಲ್ಲದ ಊರಿಗೆ ಕುದುರೆಯ ರೂಪ ಬಂದದ್ದು ಎಲ್ಲಿಂದ? ಕನ್ನಡದಲ್ಲಿ ಕುದುರೆ, ತುಳುವಿನಲ್ಲಿಯೂ ಕುದುರೆ, ಮಲಯಾಳದಲ್ಲಿ ಕುದಿರ. ಗಡಿಯ ಈ ಕಡೆ ಆ ಕಡೆ ಎಂದು ನಾವು ಎಷ್ಟು ಜಗಳ ಆಡಿದರೂ ಈ ಪ್ರಾಣಿಗೆ ಮೂರು ಭಾಷೆಯೂ ಹೆಚ್ಚು ಕಡಿಮೆ ಒಂದೇ ಹೆಸರು ಇಟ್ಟಿದೆ. ಪ್ರಾಣಿ ಮಾತ್ರ ಹೊರಗಿನದು. ನಮ್ಮ ಕರಾವಳಿಯ ಸೆಕೆ, ನಾಲ್ಕು ತಿಂಗಳ ಬಿಡದ ಮಳೆ, ನೀರು ನಿಂತ ನೆಲ ಇವು ಯಾವುದೂ ಕುದುರೆಗೆ ಹೇಳಿದ್ದಲ್ಲ. ಅದಕ್ಕೆ ಬೇಕಾದದ್ದು ಒಣ ಹುಲ್ಲುಗಾವಲು ಮತ್ತು ಗಟ್ಟಿ ನೆಲ. ಆದುದರಿಂದ ದಕ್ಷಿಣದ ರಾಜರು ಒಳ್ಳೆಯ ಕುದುರೆ ಬೇಕಾದಾಗ ಸಮುದ್ರದ ಕಡೆ ನೋಡಬೇಕಾಯಿತು. ಅರಬ್ಬಿ ದೇಶದಿಂದ, ಹೊರ್ಮುಜಿನಿಂದ ಹಡಗುಗಳಲ್ಲಿ ಕುದುರೆಗಳು ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದವು. ಭಟ್ಕಳ ಇಂತಹ ದೊಡ್ಡ ಬಂದರು. ಬಾರಕೂರು ಮತ್ತು ಮಂಗಳೂರು ವಿಜಯನಗರದ ಅಧಿಕಾರಿಗಳು ಕುಳಿತು ಆಳುತ್ತಿದ್ದ ರಾಜ್ಯಕೇಂದ್ರಗಳು.

೧೪೪೩ರಲ್ಲಿ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಹಡಗು ಹತ್ತಿ ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದನು. ಅಂದರೆ ಅವನ ಹಡಗು ನಮ್ಮ ಕಾಸರಗೋಡಿನ ಕಡಲ ಎದುರಿನಿಂದಲೇ ಹಾದು ಹೋಗಿರಬೇಕು. ಅವನ ನಂತರ, ೧೫೩೫ರ ಹೊತ್ತಿಗೆ ವಿಜಯನಗರದ ವಿಷಯ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ರಾಜನು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಅದಕ್ಕಿಂತ ಸ್ವಾರಸ್ಯದ ಒಂದು ಸಂಗತಿಯನ್ನೂ ಅವನೇ ಬರೆದಿದ್ದಾನೆ. ೧೪೮೫ರಿಂದ ಆಳಿದ ಸಾಳುವ ನರಸಿಂಹನು ಕುದುರೆಗೆ ಎಷ್ಟು ಹಂಬಲಿಸುತ್ತಿದ್ದನೆಂದರೆ, ದಾರಿಯಲ್ಲಿ ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದಾರಿಯ ನಷ್ಟವನ್ನು ಕೊಳ್ಳುವವನೇ ಹೊತ್ತುಕೊಳ್ಳದಿದ್ದರೆ ಮಾರುವವನು ಮುಂದಿನ ವರ್ಷ ಹಡಗು ಬಿಡುವುದಿಲ್ಲ. ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಪೋರ್ಚುಗೀಸರು ಈ ವ್ಯಾಪಾರವನ್ನು ತಮ್ಮ ಮುಷ್ಟಿಯೊಳಗೆ ಇಟ್ಟುಕೊಳ್ಳಲು ಹೆಣಗಿದ್ದೂ ಕುದುರೆಯ ಲಾಭಕ್ಕಾಗಿಯೇ.

ಹೀಗೆ ಬಂದ ಕುದುರೆಗಳು ನಮ್ಮ ಊರುಗಳಲ್ಲಿ ನಿಲ್ಲುತ್ತಿರಲಿಲ್ಲ. ಬಂದರಿನಲ್ಲಿ ಇಳಿದು ಘಟ್ಟದ ದಾರಿ ಹಿಡಿದು ಮೇಲೆ ಹೋಗುತ್ತಿದ್ದವು. ಕರಾವಳಿಯ ರೈತನು ಅವುಗಳನ್ನು ಕಂಡದ್ದು ದಾರಿಯ ಬದಿಯಲ್ಲಿ ನಿಂತು. ಮುಂದೆ ೧೭ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲಕ್ಕೆ ಚಂದ್ರಗಿರಿ, ಬೇಕಲದ ಕೋಟೆಗಳು ಎದ್ದಾಗ, ಅದರ ನಂತರ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬಂದಾಗ, ಕುದುರೆಯ ಮೇಲೆ ಕುಳಿತವನು ಎಂದರೆ ಅಧಿಕಾರವುಳ್ಳವನು, ಕಂದಾಯ ಕೇಳಲು ಬಂದವನು, ತಲೆ ತಗ್ಗಿಸಬೇಕಾದವನು ಎಂಬ ಭಾವನೆ ಬೇರೂರಿತು. ಊರ ದೈವಕ್ಕೆ ಅರಸುತನದ ಗೌರವ ಕೊಡಬೇಕಾದಾಗ ಜನರು ಅದಕ್ಕೆ ಅರಸನ ವಾಹನವನ್ನೇ ಕೊಟ್ಟರು. ತುಳುನಾಡಿನಲ್ಲಿ ರಾಜನ್ ದೈವಗಳು ಎಂಬ ಮಾತೇ ಇದೆ. ದೈವಕ್ಕೆ ಪಲ್ಲಕ್ಕಿ, ಕೊಡೆ, ಕತ್ತಿ, ಚಾಮರ ಇರುವಂತೆಯೇ ಕುದುರೆಯೂ ಇರಬೇಕಲ್ಲವೇ? ಕೆಲವು ಕಡೆಗಳಲ್ಲಿ ನೇಮದ ದಿನ ಗಾಲಿಗಳುಳ್ಳ ಬಂಡಿಯ ಮೇಲೆ ಹುಲಿಯನ್ನೋ ಹಂದಿಯನ್ನೋ ಕುದುರೆಯನ್ನೋ ನಿಲ್ಲಿಸಿ, ಅದರ ಮೇಲೆ ದೈವದ ಪಾತ್ರಿಯನ್ನು ಏರಿಸಿ, ಊರಿನವರೆಲ್ಲ ಹಗ್ಗ ಹಿಡಿದು ಎಳೆಯುವ ಕ್ರಮವಿದೆ. ದೇವಸ್ಥಾನಗಳಲ್ಲಿ ಉತ್ಸವಕ್ಕೆ ಅಶ್ವವಾಹನ, ರಥದ ಮುಂದೆ ಕಟ್ಟುವ ಮರದ ಕುದುರೆಗಳು ಇವೆಲ್ಲ ಇದೇ ಬಳಗದವು. ಅಂತೂ ಜೀವಂತ ಕುದುರೆ ನಮ್ಮ ಹವೆಗೆ ಬದುಕಲಿಲ್ಲ. ಮರದ ಕುದುರೆ ಬದುಕಿತು.

ಇನ್ನು ಮರವೇ ಏಕೆ ಎಂಬುದು. ತಮಿಳುನಾಡಿನ ಹಳ್ಳಿಗಳ ಅಯ್ಯನಾರ್ ಗುಡಿಗಳ ಎದುರು ದೊಡ್ಡ ದೊಡ್ಡ ಕುದುರೆಗಳಿವೆ. ಅವು ಸುಟ್ಟ ಮಣ್ಣಿನವು. ಬಂಗಾಳದ ಬಾಂಕುರಾ ಜಿಲ್ಲೆಯ ಪಾಂಚ್‌ಮುಡಾದ ಕುದುರೆಯೂ ಮಣ್ಣಿನದೇ. ಕೇರಳದ ತೆಂಕಣ ಭಾಗಕ್ಕೆ, ಅಂದರೆ ಕೊಲ್ಲಂ, ಆಲಪ್ಪುಳ ಕಡೆಗೆ ಹೋದರೆ ಕೆಟ್ಟುಕುದಿರ ಎಂಬುದುಂಟು. ಚೆಟ್ಟಿಕುಳಂಗರೆಯ ಕುಂಭ ಭರಣಿಗೆ ಅದನ್ನು ಕಟ್ಟಿ ತರುತ್ತಾರೆ. ಹೆಸರಿಗೆ ಕುದುರೆ, ನೋಡಲು ಮರ ಮತ್ತು ಬಟ್ಟೆಯ ಗೋಪುರ. ನಮ್ಮಲ್ಲಿ ಕೆಂಪು ಮುರಕಲ್ಲು ಯಥೇಚ್ಛ. ಅದು ಗೋಡೆಗೆ, ಬಾವಿಗೆ ಒಳ್ಳೆಯದು. ಆದರೆ ತೂತು ತೂತಾದ ಆ ಕಲ್ಲಿನಲ್ಲಿ ಕುದುರೆಯ ಕಿವಿಯನ್ನೋ ಮೂಗಿನ ಹೊಳ್ಳೆಯನ್ನೋ ಬಿಡಿಸಲು ಬರುವುದಿಲ್ಲ. ಕೈಗೆ ಹತ್ತಿರವಿದ್ದು, ಉಳಿಗೆ ಬಗ್ಗುವ ವಸ್ತುವೆಂದರೆ ಮರ. ಹಾಗಾಗಿಯೇ ಈ ಕರಾವಳಿಯ ಕುಶಲತೆಯ ಬಹುಭಾಗ ಮರದಲ್ಲಿ ಅಡಗಿದೆ. ನಮ್ಮ ಮಧೂರು ದೇವಸ್ಥಾನದ ಮರದ ಕೆತ್ತನೆಯಲ್ಲಿ ರಾಮಾಯಣದ ಕತೆಯಿದೆ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಪಂಚನಾರಿ ತುರಗ ಎಂಬ ಕುದುರೆಯಿದೆ. ಐವರು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ನಿಂತಿದ್ದಾರೆ. ಸ್ವಲ್ಪ ದೂರ ಸರಿದು ನೋಡಿದರೆ ಅದೇ ಕುದುರೆ. ಪಕ್ಕದಲ್ಲಿ ಒಂಬತ್ತು ಹೆಂಗಸರಿಂದ ಆದ ಆನೆ, ನವನಾರಿ ಕುಂಜರ. ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡಿ ಹಿಂದಿರುಗದೆ ಈ ಕಂಬವನ್ನೂ ನೋಡಿ ಬರಬೇಕೆಂದು ನನ್ನ ಸೂಚನೆ.

ಘಟ್ಟದ ಮೇಲೆಯೂ ಮರದ ಕುದುರೆಗಳಿವೆ. ಚನ್ನಪಟ್ಟಣದವರು ಆಲೆಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹಿಡಿಸಿ, ಮಕ್ಕಳು ಕುಳಿತು ತೂಗುವ ಕುದುರೆ ಮಾಡುತ್ತಾರೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ದೇವರ ವಾಹನಗಳನ್ನು ಮಾಡಿ ಬಣ್ಣ ಹಚ್ಚುತ್ತಾರೆ. ಒಂದು ಆಟಕ್ಕೆ, ಒಂದು ಉತ್ಸವಕ್ಕೆ. ನಮ್ಮ ಕಡೆಯ ಕುದುರೆ ಭಾರದ್ದು, ಒಬ್ಬ ಮನುಷ್ಯನ ಭಾರ ಹೊರಬೇಕಾದದ್ದು, ವರ್ಷಕ್ಕೊಮ್ಮೆ ಹೊರಗೆ ಬಂದು ಉಳಿದ ದಿನ ಕತ್ತಲೆಯಲ್ಲಿ ನಿಲ್ಲಬೇಕಾದದ್ದು. ಆದುದರಿಂದ ಅದರ ಮರವೂ ಬೇರೆ, ಕೆಲಸವೂ ಬೇರೆ.

ಮರ ಹಲಸಿನದು. ತುಳುವರ ಪೆಲಕಾಯಿ, ಮಲಯಾಳಿಗಳ ಚಕ್ಕ. ೨೦೧೮ರಲ್ಲಿ ಕೇರಳ ಸರಕಾರ ಅದನ್ನು ರಾಜ್ಯದ ಹಣ್ಣು ಎಂದು ಸಾರಿತು. ನಮಗೆ ಅದು ಹಣ್ಣಿನಷ್ಟೇ ಮರವೂ ಹೌದು. ಬಲಿತ ಹಲಸಿನ ಕೆಚ್ಚು ಕಡಿದಾಗ ಅರಸಿನದ ಹಾಗೆ ಹಳದಿ. ವರ್ಷ ಹೋದಂತೆ ಕೆಂಪುಕಂದು. ಗೆದ್ದಲು ಅದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ತೇಗದಷ್ಟು ಬೆಲೆಯಿಲ್ಲ, ಉಳಿಗೆ ಹಠ ಮಾಡುವುದಿಲ್ಲ. ನಮ್ಮ ಚೆಂಡೆ, ಮದ್ದಳೆಗಳ ಗೂಡಿಗೂ ಇದೇ ಮರ ಬರುತ್ತದೆ. ಮೂರ್ತಿಗೆ ಮರ ಆರಿಸುವ ಕ್ರಮ ಬಹಳ ಹಳೆಯದು. ೬ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕಾಡಿಗೆ ಹೋಗಿ ಮೂರ್ತಿಯ ಮರವನ್ನು ಆರಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಮಶಾನದ ಮರ ಬೇಡ, ಸಿಡಿಲು ಬಡಿದದ್ದು ಬೇಡ, ಹಕ್ಕಿಗೂಡು ತುಂಬಿದ್ದು ಬೇಡ ಎಂದು ಮುಂತಾಗಿ. ನಮ್ಮ ಆಚಾರಿಗಳು ಸಂಹಿತೆಯನ್ನು ಓದಿದವರಲ್ಲ. ಆದರೂ ಮರದ ಬುಡದಲ್ಲಿ ತೆಂಗಿನಕಾಯಿ ಇಟ್ಟು ಕೈಮುಗಿದು, ಅದರಲ್ಲಿರುವ ಜೀವಿಗಳು ಬೇರೆ ಕಡೆ ಹೋಗಲಿ ಎಂದು ಪ್ರಾರ್ಥಿಸಿ ಕೊಡಲಿ ಹಾಕುವುದನ್ನು ನಾನು ಕಂಡಿದ್ದೇನೆ.

ಕುದುರೆಯ ಕೆಲಸದಲ್ಲಿ ಕಷ್ಟವಿರುವುದು ಕಾಲಿನಲ್ಲಿ. ಇದನ್ನು ನನಗೆ ವಿವರಿಸಿ ಹೇಳಿದವರು ನಮ್ಮ ಕಡೆಯ ಒಬ್ಬ ಮುದುಕ ಆಚಾರಿ. ದೇಹಕ್ಕೆ ಮರವನ್ನು ಅಡ್ಡಲಾಗಿ ಇಡುತ್ತಾರೆ, ನಾರು ತಲೆಯಿಂದ ಬಾಲದ ಕಡೆಗೆ ಹೋಗುತ್ತದೆ. ಅದೇ ದಿಮ್ಮಿಯಲ್ಲಿ ಕಾಲನ್ನೂ ಕೆತ್ತಿದರೆ ಕಾಲಿಗೆ ನಾರು ಅಡ್ಡ ಬೀಳುತ್ತದೆ, ಒಂದು ಪೆಟ್ಟಿಗೆ ಕಡಿಯುತ್ತದೆ. ಆದುದರಿಂದ ಕಾಲುಗಳನ್ನು ನೆಟ್ಟಗೆ ನಾರಿರುವ ಬೇರೆ ತುಂಡುಗಳಲ್ಲಿ ಕೆತ್ತಿ, ತಲೆಯ ಕಡೆ ಕೀಲು ಬಿಟ್ಟು, ಹೊಟ್ಟೆಯಲ್ಲಿ ತೋಡಿದ ಕುಳಿಗೆ ಬಿಗಿಯಾಗಿ ಕೂರಿಸಿ, ಅಡ್ಡಕ್ಕೆ ಮರದ ಮೊಳೆ ಹೊಡೆಯಬೇಕು. ಕುತ್ತಿಗೆಯೂ ಕಿವಿಯೂ ಹೀಗೆಯೇ. ಕಬ್ಬಿಣದ ಮೊಳೆ ಹೊಡೆದರೆ ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ಮರದ ನಡುವಿನ ತಿರುಳು ಒಳಗೆ ಉಳಿದರೆ ಒಣಗುವಾಗ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಅದಕ್ಕೆಂದು ಹೊಟ್ಟೆಯನ್ನು ಕೆಳಗಿನಿಂದ ತೋಡಿ ಟೊಳ್ಳು ಮಾಡುತ್ತಾರೆ. ಬಿರುಕೂ ಕಡಿಮೆ, ಎತ್ತುವವರಿಗೆ ಭಾರವೂ ಕಡಿಮೆ. ಕಡಿದ ಮರವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಒಣಗಲು ಬಿಟ್ಟ ಕಾಲದಲ್ಲಿ ಆಚಾರಿಗೆ ಆ ಕೆಲಸದಿಂದ ಚಿಕ್ಕಾಸೂ ಇಲ್ಲ.

ಆಮೇಲೆ ಬಾಚಿ, ಉಳಿ, ಕೊಡತಿ. ಅಳತೆಗೆ ಕೋಲು ಮತ್ತು ನೂಲು. ಕೆತ್ತನೆ ಮುಗಿದ ಮೇಲೆ ಸಣ್ಣ ಬಿರುಕುಗಳಿಗೆ ಅಂಟಿನಲ್ಲಿ ಕಲಸಿದ ಮರದ ಹುಡಿ ತುಂಬಿಸಿ, ಉಜ್ಜಿ ನಯ ಮಾಡಿ, ಬಣ್ಣ. ಹಿಂದೆ ಕಾವಿಮಣ್ಣಿನ ಕೆಂಪು, ದೀಪದ ಮಸಿಯ ಕಪ್ಪು, ಸುಣ್ಣದ ಬಿಳಿ. ನನ್ನ ಕಾಲಕ್ಕೆ ಅಂಗಡಿಯ ಡಬ್ಬಿ ಪೈಂಟ್ ಬಂದಾಗಿತ್ತು. ಎಲ್ಲಕ್ಕಿಂತ ಕೊನೆಗೆ ಕಣ್ಣು. ಕಣ್ಣು ತೆರೆಯುವವರೆಗೆ ಅದು ಆಚಾರಿಯ ಮರ. ಕಣ್ಣು ತೆರೆದು ಕಲಶ ಆಯಿತೆಂದರೆ ಅದು ದೈವದ ಕುದುರೆ. ಅಲ್ಲಿಯವರೆಗೆ ಅದರ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವನು ಮರುದಿನದಿಂದ ಎಲ್ಲರೊಂದಿಗೆ ಅಂಗಳದಲ್ಲಿ ನಿಂತು ಕೈಮುಗಿಯಬೇಕು.

ಕೆತ್ತಿದವನ ಹೆಸರು ಎಲ್ಲಿ ಉಳಿಯುತ್ತದೆ? ನಮ್ಮ ನಾಡಿನಲ್ಲಿ ಶಿಲ್ಪಿಯೊಬ್ಬನು ದೈವವೇ ಆದ ಕತೆ ನಿಮಗೆಲ್ಲ ಗೊತ್ತು. ಕಲ್ಕುಡ. ಕಾರ್ಕಳದ ಗೊಮ್ಮಟನನ್ನು ಕಡೆದವನು ಅವನೇ ಎಂದೂ, ಇಂತಹದ್ದನ್ನು ಇನ್ನೊಂದು ಕಡೆ ಮಾಡಬಾರದೆಂದು ಭೈರರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನೆಂದೂ, ಉಳಿದ ಕೈಕಾಲಿನಲ್ಲಿಯೇ ಅವನು ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದನೆಂದೂ ಪಾಡ್ದನ ಹೇಳುತ್ತದೆ. ಕಾರ್ಕಳದ ಮೂರ್ತಿ ೧೪೩೨ರದ್ದು, ವೇಣೂರಿನದ್ದು ೧೬೦೪ರದ್ದು. ನಡುವೆ ೧೭೨ ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿರಲಾರ. ಹಾಗೆಂದು ಕತೆಯನ್ನು ಸುಳ್ಳು ಎಂದು ತಳ್ಳಿಹಾಕುವುದು ಸರಿಯಲ್ಲ. ಕಲ್ಕುಡ ಎಂದರೆ ಕಲ್ಲಿನ ಕೆಲಸದವನು. ಅದು ಕಸುಬಿನ ಹೆಸರು. ನಾಲ್ಕೈದು ತಲೆಮಾರಿನ ಶಿಲ್ಪಿಗಳ ಹೆಸರನ್ನು ಮರೆತ ಊರು, ಅವರೆಲ್ಲರನ್ನೂ ಒಂದೇ ಹೆಸರಿನಲ್ಲಿ ಸೇರಿಸಿ, ಮಾಡಿದ ಅನ್ಯಾಯವನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡಿತು ಎಂದು ನಾನು ತಿಳಿಯುತ್ತೇನೆ. ಕಲ್ಲಿನವರಿಗೆ ಅಷ್ಟಾದರೂ ಆಯಿತು. ಮರದವರಿಗೆ ಅದೂ ಇಲ್ಲ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಎಂಬತ್ತರ ದಶಕದಲ್ಲಿ ನಾನು ಒಂದು ಶಾಖೆಯಲ್ಲಿ ಸಾಲದ ವಿಭಾಗದ ಗುಮಾಸ್ತನಾಗಿದ್ದೆ. ಗ್ರಾಮೀಣಾಭಿವೃದ್ಧಿ ಯೋಜನೆಯ ಸಾಲಗಳ ಕಾಲ. ಮೇಲೆ ಹೇಳಿದ ಮುದುಕ ಆಚಾರಿ ಒಂದು ದಿನ ಬಂದರು. ಒಂದು ದೈವಸ್ಥಾನಕ್ಕೆ ಕುದುರೆ ಮಾಡಲು ಮಾತಾಗಿದೆ, ಮರ ಕೊಂಡು ಒಣಗಲು ಇಡಬೇಕು, ಅಷ್ಟು ತಿಂಗಳು ಮನೆ ನಡೆಯಬೇಕು, ಮೂರು ಸಾವಿರ ಸಾಲ ಬೇಕು ಎಂದರು. ಅರ್ಜಿಯಲ್ಲಿ ಕಸುಬು ಎಂಬ ಅಂಕಣವಿತ್ತು. ವರ್ಷಕ್ಕೆ ಎಷ್ಟು ಉತ್ಪನ್ನ ಎಂಬ ಅಂಕಣವೂ ಇತ್ತು.

"ವರ್ಷಕ್ಕೆ ಎಷ್ಟು ಕುದುರೆ ಮಾಡುತ್ತೀರಿ?" ಎಂದು ಕೇಳಿದೆ.

"ಒಂದು. ಕೆಲವು ವರ್ಷ ಅದೂ ಇಲ್ಲ" ಎಂದರು.

ಹಾಗೆ ಬರೆದರೆ ಸಾಲ ಮಂಜೂರಾಗದು ಎಂದು ನನಗೆ ಗೊತ್ತಿತ್ತು. ಉಪಕಾರ ಮಾಡುವ ಮನಸ್ಸಿನಿಂದಲೇ ನಾನು ಕಸುಬು ಎಂಬಲ್ಲಿ "ಪೀಠೋಪಕರಣ ತಯಾರಿ" ಎಂದು ಬರೆದೆ. ಸಾಲ ಮಂಜೂರಾಯಿತು. ಆದರೆ ಅದು ಪೀಠೋಪಕರಣಕ್ಕೆ ಮಂಜೂರಾದ ಸಾಲ. ಉಪಕರಣ ಕೊಂಡ ರಶೀದಿ ಬೇಕು, ಮಾಡಿದ ಸಾಮಾನು ತೋರಿಸಬೇಕು, ತಿಂಗಳ ಕಂತು ಕಟ್ಟಬೇಕು. ಒಣಗುವ ಮರ ಕಂತು ಕಟ್ಟುವುದಿಲ್ಲ. ಅವರು ಕುರ್ಚಿ, ಕಿಟಕಿ, ಬಾಗಿಲು ಮಾಡಿದರು. ಒಂದು ಕಂತೂ ತಪ್ಪಿಸಲಿಲ್ಲ. ಕೊನೆಯ ಕಂತಿನ ದಿನ ನಗುತ್ತಲೇ, "ನಿಮ್ಮ ಕಾಗದದಲ್ಲಿ ನಾನು ಕುರ್ಚಿ ಮಾಡುವವನು. ಕೈಯೂ ಅದನ್ನೇ ಕಲಿತುಬಿಟ್ಟಿತು" ಎಂದರು. ಆ ಕುದುರೆಯ ಕೆಲಸ ಆಗಲೇ ಇಲ್ಲ. ಅವರ ಮಕ್ಕಳು ಗಲ್ಫಿಗೆ ಹೋಗಿ ಅಲ್ಲಿಯ ಕಟ್ಟಡಗಳ ಒಳಗಿನ ಮರದ ಕೆಲಸ ಮಾಡಿ ಚೆನ್ನಾಗಿ ಬದುಕಿದರು. ಅದಕ್ಕೆ ನನಗೆ ಸಂತೋಷವೇ. ಆದರೆ ಕಾಲಿನ ನಾರಿನ ವಿಷಯ ಅವರಿಗೆ ಗೊತ್ತಿಲ್ಲ.

ಎರಡನೆಯದೂ ನನ್ನ ಕೈಬರಹವೇ. ಅದಾಗಿ ಹತ್ತು ಹನ್ನೆರಡು ವರ್ಷಗಳ ಮೇಲೆ, ನಾನು ಬಾಲ್ಯದಲ್ಲಿ ಕಂಡ ಕುದುರೆಯಿದ್ದ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಸಮಿತಿಯಾಯಿತು. ಬ್ಯಾಂಕಿನವನೆಂದು ನನ್ನನ್ನು ಕೋಶಾಧಿಕಾರಿ ಮಾಡಿದರು. ಹಳೆಯ ಕುದುರೆಯ ಒಂದು ಕಾಲು ಸಡಿಲಾಗಿತ್ತು, ಕಿವಿ ಮುರಿದಿತ್ತು. ಹೊಸತು ಮಾಡುವ ಕೈ ಹತ್ತಿರದಲ್ಲಿ ಸಿಗಲಿಲ್ಲ. ಹೊರಗಿನಿಂದ ಫೈಬರಿನ ಕುದುರೆ ಬಂತು. ನೋಡಲು ನಿಜವಾದ ಕುದುರೆಯ ಹಾಗೆಯೇ ಇದೆ. ಹಳೆಯದು ಹಿಂಬದಿಯ ಕೊಟ್ಟಿಗೆಯಲ್ಲಿ ಒಂದು ಮಳೆಗಾಲ ಇತ್ತು. ಆಮೇಲೆ ಜೀಪಿನಲ್ಲಿ ಬಂದ ಒಬ್ಬರು ಒಳ್ಳೆಯ ಬೆಲೆ ಕೊಟ್ಟು ಕೊಂಡುಹೋದರು. ನಾವು ಎಲ್ಲರೂ ಒಪ್ಪಿಯೇ ಕೊಟ್ಟೆವು. ಲೆಕ್ಕದ ಪುಸ್ತಕದ ಜಮೆಯ ಕಡೆ ನಾನು ಬರೆದದ್ದು ಹೀಗೆ: "ಹಳೆ ಮರ ಮಾರಾಟದಿಂದ."

ಹಳೆಯದನ್ನು ಬಿಡುವುದು ತಪ್ಪಲ್ಲ. ಮರದ ಮೂರ್ತಿ ಎಂದೆಂದಿಗೂ ಉಳಿಯಬೇಕೆಂದು ಹಿರಿಯರು ಎಣಿಸಿದ್ದಿಲ್ಲ. ಅಗ್ನಿಪುರಾಣದ ಜೀರ್ಣೋದ್ಧಾರದ ವಿಧಿಯಲ್ಲಿ, ಕೆಟ್ಟುಹೋದ ಮರದ ಮೂರ್ತಿಯನ್ನು ಬೆಂಕಿಗೆ, ಕಲ್ಲಿನದನ್ನು ನೀರಿಗೆ ಕೊಡಬೇಕೆಂದಿದೆ. ಪುರಿಯ ಜಗನ್ನಾಥನ ಮರದ ಮೂರ್ತಿಗಳನ್ನೇ ಬದಲಿಸುತ್ತಾರೆ. ೧೯೯೬ರಲ್ಲಿ ಆಯಿತು, ೨೦೧೫ರಲ್ಲಿ ಮತ್ತೆ ಆಯಿತು. ಹಳೆಯವನ್ನು ಮಣ್ಣಿಗೆ ಒಪ್ಪಿಸುತ್ತಾರೆ. ಮರ ಹೋಗಬಹುದು, ಆದರೆ ಪ್ರತಿ ಸಲವೂ ಮರ ಹುಡುಕುವವರು, ಕಡಿಯುವವರು, ಕೆತ್ತುವವರು ಬೇಕಾಗುತ್ತಾರೆ. ಹಳೆಯದು ಹೋಗುವುದರಿಂದಲೇ ಹೊಸ ಕೈ ತಯಾರಾಗುತ್ತದೆ.

ಉಡುಪಿ ಜಿಲ್ಲೆಯಲ್ಲಿ, ಬಾರಕೂರಿನ ಆಚೆ ಶಿರಿಯಾರದ ಹತ್ತಿರ ಮೆಕ್ಕೆಕಟ್ಟು ಎಂಬ ಊರಿದೆ. ಅಲ್ಲಿಯ ನಂದಿಕೇಶ್ವರ ದೇವಸ್ಥಾನದಲ್ಲಿ ನೂರಕ್ಕೂ ಮೇಲ್ಪಟ್ಟು ಮರದ ಭೂತಮೂರ್ತಿಗಳು ಸಾಲಾಗಿ ನಿಂತಿವೆ, ಕೆಂಪು ಬಣ್ಣದವು, ಕೆಲವು ಆಳೆತ್ತರವನ್ನೂ ಮೀರಿದವು. ಕಳೆದ ಶತಮಾನದಲ್ಲಿ ಅಲ್ಲಿ ಜೀರ್ಣೋದ್ಧಾರವಾದಾಗ ಹಳೆಯವುಗಳ ಜಾಗದಲ್ಲಿ ಹೊಸ ಮೂರ್ತಿಗಳನ್ನು ಮರದಲ್ಲಿಯೇ ಕೆತ್ತಿಸಿದರು. ಹಳೆಯವು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋದವು. ಅಲ್ಲಿ ಅವುಗಳಿಗೆಂದೇ ಒಂದು ವಿಭಾಗವಿದೆ. ಆ ಸಂಗ್ರಹಾಲಯ ಹುಟ್ಟಿದ್ದು ೧೯೫೬ರಲ್ಲಿ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಅದೇ ವರ್ಷ. ಮೂರ್ತಿಗಳು ದಿಲ್ಲಿಗೆ ಹೋದದ್ದು ಸರಿಯೋ ತಪ್ಪೋ ಎಂದು ಕೆಲವರು ವಾದಿಸುವುದುಂಟು. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿ. ಹೋದದ್ದು ಎಲ್ಲಿದೆ ಎಂದು ಊರಿಗೆ ಗೊತ್ತು. ಹೋದದ್ದರ ಜಾಗದಲ್ಲಿ ಊರಿನವರು ಮರವನ್ನೇ ನಿಲ್ಲಿಸಿದರು. ನಮ್ಮ ಕುದುರೆಯ ವಿಷಯದಲ್ಲಿ ಇವೆರಡೂ ಇಲ್ಲ.

ಕೇಳುಗರ ಉಪಯೋಗಕ್ಕಾಗಿ ಒಂದು ಕಾನೂನಿನ ಮಾತು. ೧೯೭೨ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ ಪುರಾತನ ವಸ್ತು. ಮರದ್ದಾದರೂ ಸರಿ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಹಾಗಿರುವುದರಿಂದ ಹಳೆಯ ಮರ ಎಂದು ಬರೆಯುವ ಮೊದಲು ಅದು ಎಷ್ಟು ಹಳೆಯದು ಎಂದು ಯಾರನ್ನಾದರೂ ಕೇಳಬೇಕಿತ್ತು. ನಾನು ಕೇಳಲಿಲ್ಲ.

೨೦೨೩ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ವಿಶ್ವಕರ್ಮ ಯೋಜನೆ ಎಂದು ಆರಂಭಿಸಿತು. ೧೮ ಕಸುಬುಗಳ ಪಟ್ಟಿ, ಎರಡು ಕಂತಿನಲ್ಲಿ ಒಟ್ಟು ಮೂರು ಲಕ್ಷ ರೂಪಾಯಿಯವರೆಗೆ ಶೇಕಡಾ ೫ರ ಬಡ್ಡಿಗೆ ಸಾಲ. ಹಳೆಯ ಚಾಳಿಯಿಂದ ಆ ಪಟ್ಟಿಯನ್ನು ಓದಿದೆ. ಬಡಗಿ ಇದ್ದಾನೆ, ದೋಣಿ ಮಾಡುವವನಿದ್ದಾನೆ, ಕಲ್ಲು ಕೆತ್ತುವ ಶಿಲ್ಪಿ ಇದ್ದಾನೆ, ಗೊಂಬೆ ಆಟಿಕೆ ಮಾಡುವವನಿದ್ದಾನೆ. ದೈವದ ಕುದುರೆ ಮಾಡುವವನು ಇವರಲ್ಲಿ ಯಾರು? ಅಂಕಣ ಇನ್ನೂ ಪೂರ್ತಿ ಸರಿಯಾಗಿಲ್ಲ. ಆದರೂ ಅರ್ಜಿ ಬರೆಯುವ ಗುಮಾಸ್ತನಿಗೆ ಸ್ವಲ್ಪ ಜಾಗವಿದೆ. ಬಡಗಿ ಎಂದು ಬರೆದ ಮೇಲೆ ಮುಂದೆ ಇನ್ನೊಂದು ಮಾತು ಸೇರಿಸಬಹುದು.

ಈಚೆಗೆ ನಮ್ಮ ಸುತ್ತ ಎಷ್ಟೋ ದೇವಸ್ಥಾನ, ದೈವಸ್ಥಾನಗಳ ಜೀರ್ಣೋದ್ಧಾರವಾಗುತ್ತಿದೆ. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಪುಸ್ತಕದಷ್ಟು ದಪ್ಪ ಬರುತ್ತದೆ. ಅತಿಥಿಗಳ ಹೆಸರು, ದಾನಿಗಳ ಹೆಸರು, ಸಮಿತಿ ಉಪಸಮಿತಿಗಳ ಹೆಸರು ಪುಟ ಪುಟ ಇರುತ್ತವೆ. ಮರ ಕೆತ್ತಿದವನ ಹೆಸರನ್ನು ನಾನು ಕನ್ನಡಕ ಹಾಕಿಕೊಂಡು ಹುಡುಕುತ್ತೇನೆ. ಕೆಲವರು ಹಾಕುತ್ತಾರೆ, ಹಲವರು ಮರೆಯುತ್ತಾರೆ. ನನ್ನದು ಇಷ್ಟೇ ವಿನಂತಿ. ನಿಮ್ಮ ಊರಿನಲ್ಲಿ ಮರದ ಕುದುರೆ ಇದ್ದರೆ ಅದನ್ನು ಯಾರು ಮಾಡಿದರೆಂದು ಊರಿನ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಬದಲಿಸುವ ಕಾಲ ಬಂದರೆ ಎರಡು ವರ್ಷ ಮೊದಲೇ ಮರ ಕಡಿಸಿ ಒಣಗಲು ಇಡಿ, ಆ ಎರಡು ವರ್ಷ ಕೆತ್ತುವವನ ಮನೆಗೆ ಸ್ವಲ್ಪ ಮುಂಗಡ ಹೋಗಲಿ. ಹಳೆಯದನ್ನು ಬೆಂಕಿಗೆ ಕೊಟ್ಟರೂ ಸರಿ, ಸಂಗ್ರಹಾಲಯಕ್ಕೆ ಕೊಟ್ಟರೂ ಸರಿ, ಎಲ್ಲಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆದಿಡಿ.

ನಮ್ಮ ದೈವಸ್ಥಾನದ ಆ ಲೆಕ್ಕದ ಪುಸ್ತಕ ಈಗಲೂ ಇದೆ. ಕಳೆದ ವರ್ಷ ಕೇಳಿ ತೆಗೆಸಿ ನೋಡಿದೆ. ಬರೆದದ್ದನ್ನು ತಿದ್ದುವ ಹಕ್ಕು ಲೆಕ್ಕದವನಿಗೆ ಇಲ್ಲ. ಆದರೆ ಬದಿಯಲ್ಲಿ ಟಿಪ್ಪಣಿ ಹಾಕಿ ಸಹಿ ಮಾಡಬಹುದು. "ಮರವಲ್ಲ, ಕುದುರೆ" ಎಂದು ಬರೆದು ತಾರೀಕು ಹಾಕಿ ಬಂದಿದ್ದೇನೆ.